ಹೊಡೆದು ಕೇಳಿದ್ದು, ನಯವಾಗಿ ಕೇಳಿದ್ದು

ಕಳೆದ ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ರಾತ್ರಿ ಊಟವಾದ ಮೇಲೆ ಗಂಡಸರೆಲ್ಲ ಹಂದರದ ಕೆಳಗೆ ಜಮಖಾನೆ ಹಾಸಿಕೊಂಡು ಕುಳಿತಿದ್ದೆವು. ಮಾತು ಹೇಗೋ ಗಡಿ, ಯುದ್ಧ, ಸೆರೆಸಿಕ್ಕವರ ವಿಚಾರಣೆ ಇವುಗಳ ಕಡೆಗೆ ಹೊರಳಿತು. ನನ್ನ ತಂಗಿಯ ಮಗ ಬಹಳ ಖಚಿತವಾಗಿ, "ಇದರಾಗ ವಿಚಾರ ಮಾಡೋದೇನದ ಮಾಮಾ? ನಾಲ್ಕು ಬಿಗಿದರ ಎಂಥವನೂ ಬಾಯಿ ಬಿಡ್ತಾನ" ಎಂದ. ಇನ್ನೊಬ್ಬ, ನನ್ನ ಹಳೆಯ ವಿದ್ಯಾರ್ಥಿಯೇ, "ಹಂಗಲ್ಲ, ನಯದಿಂದ ಕೇಳಿದರ ಇನ್ನೂ ಲಗೂನ ಬಿಡ್ತಾನ" ಎಂದ. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಲ್ಲವೇ ನಾನು! ಆ ಹೊತ್ತಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ನಿದ್ದೆ ಬಂದಿದೆಯೆಂದು ನೆಪ ಹೇಳಿ ಎದ್ದುಬಿಟ್ಟೆ. ಅಂದು ಹೇಳದೆ ಉಳಿದದ್ದನ್ನು ಇಂದು ಬರೆಯುತ್ತಿದ್ದೇನೆ. ಇದರಲ್ಲಿ ಇತಿಹಾಸವೂ ಇದೆ, ನಮ್ಮ ಮನೆಯ ಮಾತೂ ಇದೆ. ಬಹಳ ವರ್ಷಗಳಿಂದ ನನ್ನೊಳಗೇ ಇಟ್ಟುಕೊಂಡ ನನ್ನದೊಂದು ತಪ್ಪೂ ಇದೆ.

ಮದುವೆಯ ಮರುದಿನ ಬೀದರಿಗೆ ಹೋದವನು ಗೋರನಳ್ಳಿಯ ಕಡೆಗೆ ನಡೆದೆ. ಅಲ್ಲಿ ಮಹಮೂದ್ ಗವಾನನ ಸಮಾಧಿಯಿದೆ. ಊರೊಳಗಿನ ಅವನ ಮದರಸಾ ನೋಡಲು ಬರುವ ಜನರಲ್ಲಿ ಸಮಾಧಿಯವರೆಗೆ ಬರುವವರು ಕಡಿಮೆ. ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಆದರೂ ಇಲ್ಲಿ ಮತ್ತೊಮ್ಮೆ ಹೇಳಬೇಕಾಗಿದೆ. ನಾನು ಬಲ್ಲ ಯುದ್ಧಕಾಲದ ವಿಚಾರಣೆಗಳಲ್ಲಿ ಅತ್ಯಂತ ಚಿಕ್ಕದು ಅದು.

ಪರ್ಷಿಯಾದ ಗೀಲಾನಿನಿಂದ ಬಂದ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿ, 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ. ಅವನ ಸುಧಾರಣೆಗಳಿಂದ ಅಧಿಕಾರ ಕಳೆದುಕೊಂಡ ಸರದಾರರಿಗೆ ಅವನು ಬೇಡವಾಗಿದ್ದ. ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ಕುಡಿಸಿ, ಒಂದು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ಗಜಪತಿಯನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರ ಬರೆದರು. ಆಗ ಸುಲ್ತಾನ ಮೂರನೆಯ ಮಹಮ್ಮದ್ ಶಾಹನು ತೆಲುಗು ಸೀಮೆಯ ಕೊಂಡಪಲ್ಲಿಯ ದಂಡಿನ ಬಿಡಾರದಲ್ಲಿದ್ದ. ಯುದ್ಧದ ಕಾಲ, ಸುತ್ತಲೂ ಶತ್ರುಗಳ ಸಂಶಯ, ಮೇಲೆ ಮದ್ಯದ ಅಮಲು. ಗವಾನನನ್ನು ಕರೆಸಿ, ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆ ಎಂದು ಕೇಳಿದ. ಮರಣವೇ ಶಿಕ್ಷೆ ಎಂದು ಗವಾನ್ ಉತ್ತರಿಸಿದ. ಸುಲ್ತಾನ ಪತ್ರವನ್ನು ಮುಂದೆ ಹಿಡಿದ. ಮುದ್ರೆ ತನ್ನದು, ಬರಹ ತನಗೆ ತಿಳಿಯದು ಎಂದು ಗವಾನ್ ಹೇಳಿದನೆಂದು ಫರಿಶ್ತಾ ಬರೆಯುತ್ತಾನೆ. ಅಷ್ಟಕ್ಕೆ ವಿಚಾರಣೆ ಮುಗಿಯಿತು. ಸೇವಕನನ್ನು ಕರೆಸಲಿಲ್ಲ, ಬರಹವನ್ನು ಹೋಲಿಸಿ ನೋಡಲಿಲ್ಲ. 1481ರ ಏಪ್ರಿಲಿನ ಆ ದಿನ ಎಪ್ಪತ್ತು ದಾಟಿದ ಮುದುಕನ ತಲೆ ಉರುಳಿತು. ತಪ್ಪು ತಿಳಿದ ಸುಲ್ತಾನ ಕೊರಗಿ, ಒಂದು ವರ್ಷ ತುಂಬುವುದರೊಳಗೆ ತಾನೂ ಸತ್ತ. ಮುಂದೆ ಕೆಲವೇ ವರ್ಷಗಳಲ್ಲಿ ಬಹಮನಿ ರಾಜ್ಯ ಒಡೆದು ಚೂರಾಯಿತು.

ಗವಾನನಿಗೆ ಯಾರೂ ಹೊಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಸುಲ್ತಾನ ಪ್ರಶ್ನೆಯನ್ನೇನೋ ಕೇಳಿದ, ಆದರೆ ಉತ್ತರ ಅವನ ಬಳಿ ಮೊದಲೇ ಇತ್ತು. ಗೋರಿಯ ಬಳಿ ನಿಂತಾಗ ನನ್ನ ಮನಸ್ಸು ಬೀದರಿನಿಂದ ಭಾಲ್ಕಿ ತಾಲೂಕಿನ ನಮ್ಮ ಹಳ್ಳಿಗೆ, ನಮ್ಮ ಮುತ್ಯಾನ ಕಾಲಕ್ಕೆ ಹೋಯಿತು. ಅದು ನನ್ನ ತಂದೆ ಹೇಳಿದ ಸಂಗತಿ. ಬಂಧುಗಳಲ್ಲಿ ಹಿರಿಯರಿಗೆ ಗೊತ್ತು, ಕಿರಿಯರು ಕೇಳಿರಲಾರರು.

1948ರ ಬೇಸಿಗೆ. ಭಾರತಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಾವು ಇನ್ನೂ ನಿಜಾಮನ ಪ್ರಜೆಗಳು. ರಜಾಕಾರರ ಹಾವಳಿ ಮಿತಿಮೀರಿತ್ತು. ಆ ಮೇ ತಿಂಗಳಲ್ಲೇ ನಮ್ಮ ಜಿಲ್ಲೆಯ ಗೋರ್ಟಾ ಗ್ರಾಮದ ಹತ್ಯಾಕಾಂಡ ನಡೆದದ್ದು. ಗಡಿಯಾಚೆಯ ಶಿಬಿರಗಳಿಂದ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ರಾತ್ರಿ ಬಂದು ಹೋಗುತ್ತಿದ್ದರು. ಅವರಿಗೆ ರೊಟ್ಟಿ ಕೊಡುವವರು ಯಾರು ಎಂಬುದನ್ನು ತಿಳಿಯಬೇಕಾಗಿತ್ತು. ಸಂತೆಯಿಂದ ಬಂಡಿ ಹೊಡೆದುಕೊಂಡು ಬರುತ್ತಿದ್ದ ಮುತ್ಯಾನನ್ನು ಹಿಡಿದು ಚಾವಡಿಯಲ್ಲಿ ಕೂಡಿಹಾಕಿದರು. ರಾತ್ರಿಯೆಲ್ಲ ಅಂಗಾಲಿಗೆ ಜಾಲಿಯ ಬಡಿಗೆಯಿಂದ ಹೊಡೆದು ಹೆಸರು ಕೇಳಿದರು. ಮುತ್ಯಾನಿಗೆ ನಿಜವಾಗಿಯೂ ಯಾರ ಹೆಸರೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಹೊಡೆತ ನಿಲ್ಲುತ್ತಿರಲಿಲ್ಲ. ಮೊದಲು ಎರಡು ವರ್ಷದ ಹಿಂದೆ ಸತ್ತವನೊಬ್ಬನ ಹೆಸರು ಹೇಳಿದ. ಆಮೇಲೆ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದವನದು. ಮೂರನೆಯ ಹೆಸರು ಅವನೇ ಹುಟ್ಟಿಸಿದ್ದು. ಬೆಳಗಿನ ಜಾವ ಮತ್ತೆ ಬಡಿಗೆ ಎತ್ತಿದಾಗ, ನಮ್ಮ ಹೊಲದ ಬದುವಿನವನ ಹೆಸರು ಬಾಯಿಗೆ ಬಂತು. ಬದುವಿನ ವ್ಯಾಜ್ಯದಿಂದಾಗಿ ಆ ಹೆಸರು ಸದಾ ಮುತ್ಯಾನ ಮನಸ್ಸಿನಲ್ಲಿರುತ್ತಿತ್ತು, ಅಷ್ಟೇ. ಆ ಮನುಷ್ಯ ಯಾರಿಗೂ ಒಂದು ತುತ್ತು ಕೊಟ್ಟವನಲ್ಲ. ಅವನ ಬಣವೆ ಸುಟ್ಟುಹೋಯಿತು. ಅವನೂ ಮನೆಯವರೂ ಹೊಲಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಆ ದಿನವನ್ನು ನಾವು ವಿಮೋಚನೆಯ ದಿನವೆಂದು ಆಚರಿಸುತ್ತೇವೆ, ಆಚರಿಸಬೇಕಾದದ್ದೇ. ಆದರೆ ಅನಂತರದ ವಾರಗಳಲ್ಲಿ ಅದೇ ಚಾವಡಿಯಲ್ಲಿ ಪ್ರಶ್ನೆ ತಿರುಗುಮುರುಗಾಯಿತು. ಈಗ ಕೇಳುತ್ತಿದ್ದದ್ದು, ರಜಾಕಾರರ ಜೊತೆಗಿದ್ದವರು ಯಾರು ಎಂದು. ಊರಿನ ಪಿಂಜಾರನನ್ನು ಹಿಡಿದು ತಂದರು. ಪೆಟ್ಟು ಬಿದ್ದ ಮೇಲೆ ಅವನು ಹೌದೆಂದ. ಸಾಕ್ಷಿಗೆಂದು ಮುತ್ಯಾನನ್ನು ಕರೆದರು. ಇನ್ನೂ ಕುಂಟುತ್ತಿದ್ದ ಮುತ್ಯಾ ಬಂದು ಹೇಳಿದ್ದಿಷ್ಟೇ: "ನನಗ ಹೊಡದಾಗ ನಾ ಹೇಳಿದ್ದು ಖರೇ ಇರಲಿಲ್ಲ. ಇವನ ಬಾಯಿಂದ ಬಂದದ್ದು ಮಾತ್ರ ಖರೇ ಅಂತ ಹ್ಯಾಂಗ ತಿಳೀತೀರಿ?" ಪಿಂಜಾರನನ್ನು ಬಿಟ್ಟರು. ಎಲ್ಲ ಊರುಗಳಲ್ಲಿ ಹಾಗಾಗಲಿಲ್ಲ. ಅದೇ ವರ್ಷದ ಕೊನೆಗೆ ಪಂಡಿತ ಸುಂದರಲಾಲರ ಸಮಿತಿ ಇಲ್ಲೆಲ್ಲ ತಿರುಗಾಡಿ ವರದಿ ಕೊಟ್ಟಿತು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿ, ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರನ್ನೂ ಹೆಸರಿಸಿತು. ಆ ವರದಿ ಹಲವು ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಮುತ್ಯಾ ಬದುಕಿರುವವರೆಗೆ ಪ್ರತಿ ಸುಗ್ಗಿಯಲ್ಲಿ ಒಂದು ಬಂಡಿ ಜೋಳದ ಕಣಿಕೆಯನ್ನು ಆ ಬದುವಿನವನ ಮನೆಗೆ ಕಳಿಸುತ್ತಿದ್ದ. ಏಕೆಂದು ಬಾಯಿಬಿಟ್ಟು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಆದ್ದರಿಂದ ನಾಲ್ಕು ಬಿಗಿದರೆ ಬಾಯಿ ಬಿಡುತ್ತಾನೆ ಎಂಬ ನನ್ನ ಅಳಿಯನ ಮಾತು ಸುಳ್ಳಲ್ಲ. ಬಾಯಿ ಬಿಡುತ್ತಾನೆ, ನಿಜ. ಬಿಟ್ಟ ಬಾಯಿಯಿಂದ ಬರುವುದು ಏನು ಎಂಬುದೇ ಪ್ರಶ್ನೆ. ದೊಡ್ಡ ದೇಶಗಳೂ ಇದರಲ್ಲಿ ಎಡವಿವೆ. 2001ರ ಕೊನೆಯಲ್ಲಿ ಸೆರೆಸಿಕ್ಕ ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬವನನ್ನು ಅಮೆರಿಕದವರು ಈಜಿಪ್ತಿಗೆ ಒಪ್ಪಿಸಿದರು. ಇರಾಕ್ ದೇಶವು ಅಲ್ ಖೈದಾದವರಿಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂದು ಅಲ್ಲಿ ಅವನು ಹೇಳಿದ. 2003ರ ಫೆಬ್ರುವರಿಯಲ್ಲಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಯುದ್ಧಕ್ಕೆ ಕೊಟ್ಟ ಕಾರಣಗಳಲ್ಲಿ ಅದೂ ಸೇರಿತ್ತು. ಮರುವರ್ಷ ಅವನು ಆ ಮಾತನ್ನು ಹಿಂತೆಗೆದುಕೊಂಡ. ಹಿಂಸೆ ತಾಳಲಾರದೆ ಹೇಳಿದ್ದೆಂದ. ಅಷ್ಟರಲ್ಲಿ ಯುದ್ಧ ಆರಂಭವಾಗಿ ವರ್ಷವಾಗುತ್ತ ಬಂದಿತ್ತು. ನಮ್ಮ ಮುತ್ಯಾನ ನಾಲ್ಕನೆಯ ಹೆಸರಿಗೆ ಒಂದು ಬಣವೆ ಸುಟ್ಟಿತು. ಇವನ ಮಾತಿನ ಹಿಂದೆ ಒಂದು ದೇಶವೇ ಉರಿಯಿತು.

ಹಾಗಾದರೆ ನಯದಿಂದ ಕೇಳುವುದೇ ಸರಿಯೇ? ಎರಡನೆಯ ಮಹಾಯುದ್ಧದಲ್ಲಿ ಇದನ್ನು ಬಲ್ಲವರಿದ್ದರು. ಲಂಡನ್ನಿನಲ್ಲಿ ಜರ್ಮನ್ ಗೂಢಚಾರರನ್ನು ವಿಚಾರಿಸುವ ಶಿಬಿರದ ಮುಖ್ಯಸ್ಥ ರಾಬಿನ್ ಸ್ಟೀಫನ್ಸ್ ಬಹಳ ಬಿರುಸಿನ ಮನುಷ್ಯ. ಆದರೂ ಕೈದಿಯ ಮೇಲೆ ಕೈಮಾಡಕೂಡದೆಂದು ಕಟ್ಟುನಿಟ್ಟಾಗಿ ವಿಧಿಸಿದ್ದ. ಪೆಟ್ಟು ತಿಂದವನು ಕೇಳುವವನಿಗೆ ಇಷ್ಟವಾದದ್ದನ್ನೇ ಹೇಳುತ್ತಾನೆಂಬುದು ಅವನ ಅನುಭವ. ಅಮೆರಿಕದ ಶೆರ್ವುಡ್ ಮೊರಾನ್ ಬಹುಕಾಲ ಜಪಾನಿನಲ್ಲಿ ಪಾದ್ರಿಯಾಗಿದ್ದವನು. ಸೆರೆಸಿಕ್ಕ ಜಪಾನೀ ಸೈನಿಕನ ಗಾಯ, ಮನೆ, ಊರು ಇವುಗಳನ್ನು ಅವನದೇ ಭಾಷೆಯಲ್ಲಿ ವಿಚಾರಿಸುತ್ತ ಮಾತು ಆರಂಭಿಸಬೇಕೆಂದು 1943ರಲ್ಲಿ ತನ್ನ ಜೊತೆಯವರಿಗೆ ಬರೆದು ಕೊಟ್ಟ.

ಜರ್ಮನಿಯ ಹಾನ್ಸ್ ಷಾರ್ಫ್‌ನ ಕಥೆ ಇನ್ನೂ ಸ್ವಾರಸ್ಯವಾದದ್ದು. ಸೆರೆಸಿಕ್ಕ ಅಮೆರಿಕನ್ ವೈಮಾನಿಕರನ್ನು ಅವನು ಕಾಡಿನಲ್ಲಿ ಸುತ್ತಾಡಲು ಕರೆದೊಯ್ಯುತ್ತಿದ್ದ. ಪ್ರಶ್ನೆಗಳನ್ನು ಹೆಚ್ಚಾಗಿ ಕೇಳುತ್ತಲೇ ಇರಲಿಲ್ಲ; ತನಗೆಲ್ಲ ಗೊತ್ತಿದೆಯೆಂಬಂತೆ ಮಾತನಾಡುತ್ತಿದ್ದ. ಅಮೆರಿಕದ ವಿಮಾನಗಳ ಗುಂಡಿನ ಸಾಲಿನಲ್ಲಿ ಕೊನೆಗೆ ಬಿಳಿಯ ಬೆಳಕು ಕಾಣುವುದೇಕೆಂದು ಜರ್ಮನರಿಗೆ ತಿಳಿಯಬೇಕಾಗಿತ್ತು. ನಿಮ್ಮಲ್ಲಿ ಕೆಂಪು ಬಣ್ಣದ ರಾಸಾಯನಿಕದ ಅಭಾವವಂತಲ್ಲ ಎಂದು ಷಾರ್ಫ್ ಮಾತಿನ ನಡುವೆ ಸುಮ್ಮನೆ ಅಂದ. ಅಭಾವವೆಲ್ಲಿಯದು, ಗುಂಡು ಮುಗಿಯುತ್ತ ಬಂತೆಂದು ತಿಳಿಸಲು ಹಾಗೆ ಮಾಡಿದ್ದು ಎಂದು ವೈಮಾನಿಕ ತಿದ್ದಿದ. ತಾನು ಗುಟ್ಟು ಬಿಟ್ಟುಕೊಟ್ಟೆನೆಂದು ಅವನಿಗೆ ತಿಳಿಯಲೇ ಇಲ್ಲ. ಯುದ್ಧ ಮುಗಿದ ಮೇಲೆ ಷಾರ್ಫ್ ಅಮೆರಿಕಕ್ಕೇ ಹೋಗಿ ನೆಲೆಸಿ, ಬಣ್ಣದ ಹರಳುಗಳಿಂದ ಚಿತ್ರ ಕೂಡಿಸುವ ಕಲಾವಿದನಾದ.

ಇದನ್ನೆಲ್ಲ ಓದಿದವರು ನಯದ ಪಕ್ಷಕ್ಕೆ ಸೇರುವುದು ಸಹಜ. ನಾನೂ ಸೇರಿದ್ದೆ. ಆದರೆ ನಯಕ್ಕೂ ಒಂದು ಇನ್ನೊಂದು ಮುಖವಿದೆ. ಅದನ್ನು ತೋರಿಸುವ ಸಂಗತಿ ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಸುರಪುರ ಸಂಸ್ಥಾನದಲ್ಲಿ ನಡೆದಿದೆ.

ಸುರಪುರದ ರಾಜಾ ವೆಂಕಟಪ್ಪ ನಾಯಕನು ಚಿಕ್ಕವನಿದ್ದಾಗ ಸಂಸ್ಥಾನವನ್ನು ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. 1853ರವರೆಗೆ ಅವನು ಅಲ್ಲಿದ್ದ. ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. 1857ರ ದಂಗೆಯ ಗಾಳಿ ದಖನ್ನಿಗೂ ಬೀಸಿ, 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಸೋತ ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದ. ಅವನನ್ನು ಪ್ರಚೋದಿಸಿದವರು ಯಾರು ಎಂಬುದು ರೆಸಿಡೆಂಟನಿಗೆ ಬೇಕಾಗಿತ್ತು. ಬಡಿಗೆಗೆ ಬಗ್ಗುವ ಆಳಲ್ಲ ಎಂದು ಎಲ್ಲರಿಗೂ ಗೊತ್ತು. ಟೇಲರ್ ಸೆರೆಮನೆಗೆ ಹೋದ. ಅವನನ್ನು ಕಂಡೊಡನೆ ರಾಜ ಅಪ್ಪಿಕೊಂಡು ಅತ್ತ. ಮನಸ್ಸಿನಲ್ಲಿದ್ದುದನ್ನು ಎಷ್ಟೋ ಹೇಳಿಕೊಂಡ. ಆದರೆ ಜೀವ ಉಳಿಸಿಕೊಳ್ಳಲು ಇನ್ನೊಬ್ಬರ ಹೆಸರು ಹೇಳಲಾರೆನೆಂದ. ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂದು ಕೇಳಿಕೊಂಡ. ಇದನ್ನು ಬರೆದಿಟ್ಟವನು ಟೇಲರನೇ, ತನ್ನ ಆತ್ಮಕಥೆಯಲ್ಲಿ. ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕ ಬಲಿಯಾದ.

ಟೇಲರನ ಪ್ರೀತಿ ನಾಟಕವಾಗಿತ್ತೆಂದು ನಾನು ಹೇಳುವುದಿಲ್ಲ. ಅದು ನಿಜವಾದ ಪ್ರೀತಿಯೇ ಇರಬೇಕು. ಆದರೆ ಆ ದಿನ ಸರ್ಕಾರಕ್ಕೆ ಬೇಕಾಗಿದ್ದದ್ದು ಆ ಪ್ರೀತಿಯ ಉಪಯೋಗ. ಅಪ್ಪ ಎಂದು ಕರೆದವನಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ! ಇಪ್ಪತ್ತಮೂರು, ಇಪ್ಪತ್ತನಾಲ್ಕರ ಆ ತರುಣ ರಾಜನಾಗಿದ್ದ, ಇಲ್ಲ ಎಂದ. ಹದಿನಾಲ್ಕು ವರ್ಷದ ಬಡ ಹುಡುಗನೊಬ್ಬನಿಗೆ ಅದು ಸಾಧ್ಯವೇ?

ಇನ್ನು ನನ್ನ ಮಾತು.

1983ರಲ್ಲಿ ನಾನು ಔರಾದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹೊಡೆಯದ ಮಾಸ್ತರ ಎಂದು ನನಗೆ ಹೆಸರಿತ್ತು. ಅದರ ಬಗ್ಗೆ ನನಗೆ ಅಭಿಮಾನವೂ ಇತ್ತು, ಸ್ವಲ್ಪ ಗರ್ವವೂ ಇತ್ತು. ಮಕ್ಕಳಿಂದ ವಸೂಲಾದ ಪರೀಕ್ಷಾ ಶುಲ್ಕದಲ್ಲಿ ಅರವತ್ತು ರೂಪಾಯಿ ಕಾಣೆಯಾಯಿತು. ಲೆಕ್ಕ ನನ್ನ ಸುಪರ್ದಿಯಲ್ಲಿತ್ತು. ಒಂಬತ್ತನೆಯ ತರಗತಿಯ ಒಬ್ಬ ತಾಂಡಾದ ಹುಡುಗ ದಿನವೂ ಬೆಳಿಗ್ಗೆ ಬೇಗ ಬಂದು ಕೋಣೆಯ ಬಾಗಿಲು ತೆರೆಯುತ್ತಿದ್ದ. ಕೀಲಿಕೈ ಅವನ ಬಳಿ ಇರುತ್ತಿತ್ತು. ಎಲ್ಲರ ಕಣ್ಣೂ ಅವನ ಮೇಲೆಯೇ. ಸಹೋದ್ಯೋಗಿಯೊಬ್ಬರು ಬೆತ್ತ ಹಿಡಿದು ಎದ್ದರು. ನಾನು ತಡೆದೆ. "ನನಗೆ ಬಿಡಿ" ಎಂದೆ.

ಸಂಜೆ ಅವನನ್ನು ಮನೆಗೆ ಕರೆದೆ. ಚಹಾ ಕೊಡಿಸಿದೆ, ಚುರಮುರಿ ತಿನ್ನಿಸಿದೆ. ಅವನ ತಾಯಿಯ ಆರೋಗ್ಯ ವಿಚಾರಿಸಿದೆ. ಆಮೇಲೆ, "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕಷ್ಟದಲ್ಲಿ ಯಾರ ಕೈಯೂ ಜಾರಬಹುದು. ಹೇಳಿಬಿಡು, ದುಡ್ಡು ನಾನೇ ತುಂಬುತ್ತೇನೆ, ಯಾರಿಗೂ ತಿಳಿಯದಂತೆ ನೋಡಿಕೊಳ್ಳುತ್ತೇನೆ" ಎಂದೆ. ಅವನು ಇಲ್ಲ ಎಂದ. ಮತ್ತೆ ಹೇಳಿದೆ. ಮತ್ತೆ ಇಲ್ಲ ಎಂದ. ಮೂರನೆಯ ಸಲ ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದಾಗ ಬಿಕ್ಕಿ ಬಿಕ್ಕಿ ಅತ್ತು, "ಹೂಂ ಸರ್, ನಾನೇ" ಎಂದ. ದುಡ್ಡು ಏನು ಮಾಡಿದೆ ಎಂದರೆ, ಖರ್ಚಾಯಿತೆಂದ. ಯಾವುದಕ್ಕೆ ಎಂದರೆ ಉತ್ತರವಿಲ್ಲ. ಅಲ್ಲಿ ನಾನು ನಿಲ್ಲಬೇಕಾಗಿತ್ತು. ಲೆಕ್ಕ ಕಲಿಸುವವನಿಗೆ ಲೆಕ್ಕ ತಾಳೆಯಾಗಲಿಲ್ಲವೆಂದು ತಿಳಿಯಬೇಕಾಗಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು, ಮುಂದೆ ಕೇಳಲಿಲ್ಲ.

ದುಡ್ಡು ತುಂಬಿದೆ. ಆದರೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಬೆತ್ತ ಹಿಡಿದಿದ್ದ ಆ ಸಹೋದ್ಯೋಗಿಗೆ, ನೋಡಿದಿರಾ ನನ್ನ ವಿಧಾನ ಎಂದು ಹೇಳಿಕೊಂಡೆ. ಮಾತು ಶಾಲೆಯಲ್ಲೆಲ್ಲ ಹರಡಿತು. ದಸರಾ ರಜೆ ಮುಗಿದ ಮೇಲೆ ಹುಡುಗ ಶಾಲೆಗೆ ಬರಲಿಲ್ಲ. ಮಾರ್ಚಿನಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಕಟ್ಟಿಡುವಾಗ ಒಂದರ ರಟ್ಟಿನ ಒಳಗೆ ನೋಟುಗಳು ಸಿಕ್ಕವು. ಜೊತೆಗೆ ಯಾರು ಯಾರು ಎಷ್ಟು ಕೊಟ್ಟರೆಂಬ ಚೀಟಿ, ನನ್ನದೇ ಕೈಬರಹದಲ್ಲಿ. ಜೋಪಾನವಾಗಿರಲೆಂದು ನಾನೇ ಇಟ್ಟು ಮರೆತಿದ್ದೆ. ಮರುದಿನವೇ ತಾಂಡಾಕ್ಕೆ ಹೋದೆ. ಮನೆಯವರೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಹೋಗಿದ್ದರು. ಸಹೋದ್ಯೋಗಿಗಳಿಗೆ ನಿಜ ಹೇಳಿದೆ. ಹುಡುಗರಿಗೆ, ಅಂದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ, ಹೇಳಲಿಲ್ಲ. ಧೈರ್ಯ ಸಾಲಲಿಲ್ಲ.

2004ರಲ್ಲಿ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು ಬಂದು ಕಾಲು ಮುಟ್ಟಿದ. ಗುರುತು ಹೇಳಿದ ಮೇಲೆ ತಿಳಿಯಿತು, ಅವನೇ. ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ನಾನು ನಡುಗುವ ದನಿಯಲ್ಲಿ ದುಡ್ಡು ಸಿಕ್ಕ ಸಂಗತಿ ಹೇಳಿ ಕ್ಷಮೆ ಕೇಳಿದೆ. ಮಾಡದ ತಪ್ಪನ್ನು ಏಕೆ ಒಪ್ಪಿಕೊಂಡೆಯಪ್ಪಾ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನೀವು ಹೊಡದಿದ್ರ ನಾ ಒಪ್ಪತಿದ್ದಿಲ್ಲ. ಅಷ್ಟು ಚಂದ ಕೇಳಿದ್ರಿ, ಇಲ್ಲ ಅನ್ಲಿಕ್ಕೆ ಮನಸಾಗಲಿಲ್ಲ" ಎಂದ. ಬಸ್ಸು ಬಂತು, ಹೋದ.

ಬಹಳ ತಡವಾಗಿ ನಾನು ಕಾನೂನಿನ ಪುಸ್ತಕ ತೆರೆದು ನೋಡಿದೆ. 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಎನ್ನುತ್ತಿತ್ತು. ಅದು ಅನೇಕರಿಗೆ ಗೊತ್ತು. ಅದರ ಹಿಂದಿನ ಕಲಮು ನನ್ನ ಕಣ್ಣು ತೆರೆಸಿತು. ಅಧಿಕಾರದಲ್ಲಿರುವವನ ಬೆದರಿಕೆಯಿಂದ ಬಂದ ಒಪ್ಪಿಗೆ ಹೇಗೆ ನಿಲ್ಲದೋ, ಅವನ ಆಮಿಷದಿಂದ, ಭರವಸೆಯ ಮಾತಿನಿಂದ ಬಂದ ಒಪ್ಪಿಗೆಯೂ ಹಾಗೆಯೇ ನಿಲ್ಲದು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮಗಳು ಉಳಿದಿವೆ. ಬೆದರಿಕೆಯನ್ನೂ ಭರವಸೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದವರು ಮನುಷ್ಯನ ಮನಸ್ಸನ್ನು ಬಲ್ಲವರಿರಬೇಕು. ಔಷಧಿ ಚುಚ್ಚಿ, ಮಂಪರಿನಲ್ಲಿ ಮಾತು ಹೊರಡಿಸುವ ಪರೀಕ್ಷೆಗಳು ಬೆಂಗಳೂರಿನಲ್ಲಿ ಬಹಳ ನಡೆಯುತ್ತಿದ್ದವು. ಒಪ್ಪಿಗೆಯಿಲ್ಲದೆ ಅವನ್ನು ಮಾಡಕೂಡದೆಂದು ಸುಪ್ರೀಂ ಕೋರ್ಟು 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಯುದ್ಧಕೈದಿಗಳ ಮಟ್ಟಿಗೂ 1949ರ ಜಿನೀವಾ ಒಪ್ಪಂದ ಹೀಗೆಯೇ ಹೇಳುತ್ತದೆ. ಹೆಸರು, ಹುದ್ದೆ, ಜನ್ಮದಿನಾಂಕ, ಸೈನಿಕ ಸಂಖ್ಯೆ ಇಷ್ಟನ್ನು ಮಾತ್ರ ಅವನು ಹೇಳಬೇಕು. ಉಳಿದದ್ದಕ್ಕಾಗಿ ದೇಹವನ್ನಾಗಲಿ ಮನಸ್ಸನ್ನಾಗಲಿ ಹಿಂಸಿಸಕೂಡದು.

ಆದ್ದರಿಂದ ಭಾಲ್ಕಿಯ ಹಂದರದ ಕೆಳಗೆ ಕುಳಿತಿದ್ದ ಆ ಇಬ್ಬರಿಗೆ ನನ್ನ ಉತ್ತರವಿದು. ಹೊಡೆಯುವುದು ಪಾಪ, ಅದರಿಂದ ನಿಜ ತಿಳಿಯುವುದೂ ಇಲ್ಲ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೆತ್ತ ಕೆಳಗಿಟ್ಟ ಮಾತ್ರಕ್ಕೆ ಕೇಳುವವನು ಶುದ್ಧನಾಗುವುದಿಲ್ಲ. ಷಾರ್ಫ್‌ಗೆ ಗೊತ್ತಿಲ್ಲದ್ದನ್ನು ತಿಳಿಯಬೇಕಾಗಿತ್ತು, ಆದ್ದರಿಂದ ತಿದ್ದುವವನಿಗೆ ಕಿವಿಗೊಟ್ಟ. ನನಗೆ ತಿಳಿಯಬೇಕಾದದ್ದೇನೂ ಇರಲಿಲ್ಲ. ನಾನು ತಿಳಿದುಕೊಂಡಿದ್ದನ್ನು ಹುಡುಗ ಹೌದೆನ್ನಬೇಕಾಗಿತ್ತು. ಕೊಂಡಪಲ್ಲಿಯ ಸುಲ್ತಾನನೂ ಹಾಗೆಯೇ, ಚಾವಡಿಯಲ್ಲಿ ಬಡಿಗೆ ಎತ್ತಿದವರೂ ಹಾಗೆಯೇ. ಆ ಹುಡುಗ ಎರಡು ಸಲ ಇಲ್ಲ ಎಂದಿದ್ದ. ಒಂದು ಸಲವಾದರೂ ನಾನು ಅದನ್ನು ಉತ್ತರವೆಂದು ಎಣಿಸಿದ್ದರೆ ಸಾಕಾಗಿತ್ತು.

ಆ ವರ್ಷ ಆ ಶಾಲೆಯಲ್ಲಿದ್ದ ನನ್ನ ವಿದ್ಯಾರ್ಥಿಗಳೇ, ಅವನನ್ನು ಕಳ್ಳನೆಂದು ನೀವು ನೆನಪಿಟ್ಟಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಅವನು ಕದಿಯಲಿಲ್ಲ. ಅವನ ಪರಿಚಯ ಉಳಿಸಿಕೊಂಡವರು ಯಾರಾದರೂ ಇದ್ದರೆ, ಮಾಸ್ತರರು ಎಲ್ಲರಿಗೂ ಹೀಗೆ ಬರೆದು ತಿಳಿಸಿದ್ದಾರೆಂದು ಅವನಿಗೆ ಹೇಳಿ. ಮುತ್ಯಾನಂತೆ ಕಳಿಸಲು ನನ್ನ ಬಳಿ ಬಂಡಿ ಕಣಿಕೆಯಿಲ್ಲ. ಇರುವುದು ಇಷ್ಟೇ.